ಕಾಲೇಜು ಮುಚ್ಚಿದರೂ ಈ ಎಳೆ ಕಡಿಯಬೇಡಿ: ಪದವಿ ವಿದ್ಯಾರ್ಥಿಗಳ ಸಂಶೋಧನೆ ಕುರಿತು ಕುಲಪತಿಗಳಿಗೆ, ಪ್ರಾಂಶುಪಾಲರಿಗೆ, ಅನುದಾನ ಕೊಡುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಸಾಂಕ್ರಾಮಿಕ ರೋಗವಿರಲಿ, ಪ್ರವಾಹವಿರಲಿ, ಭೂಕಂಪವಿರಲಿ, ಗಲಭೆಯಿರಲಿ, ಕಾಲೇಜಿನ ಬಾಗಿಲು ಮುಚ್ಚಿದ ವಾರ ಹೊರಡುವ ಸುತ್ತೋಲೆಗಳಲ್ಲಿ ಒಂದು ಸಾಲು ಬಹುತೇಕ ತಪ್ಪುವುದಿಲ್ಲ: “ಪದವಿ ವಿದ್ಯಾರ್ಥಿಗಳ ಸಂಶೋಧನಾ ಪ್ರಾಜೆಕ್ಟ್‌ಗಳನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ.” ತರಗತಿಗಳಿಗೆ ಆನ್‌ಲೈನ್ ದಾರಿ ಹುಡುಕುತ್ತೀರಿ, ಪರೀಕ್ಷೆಗಳಿಗೆ ಹೊಸ ವೇಳಾಪಟ್ಟಿ ಬರುತ್ತದೆ, ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಲ್ಯಾಬ್ ಪ್ರವೇಶದ ವಿಶೇಷ ಅನುಮತಿ ಸಿಗುತ್ತದೆ. ಪದವಿ ಹಂತದವರ ಸಂಶೋಧನೆ ಮಾತ್ರ “ಹೆಚ್ಚುವರಿ ಚಟುವಟಿಕೆ”ಯ ಲೆಕ್ಕಕ್ಕೆ ಸೇರಿ ಮೊದಲ ಏಟಿಗೇ ಹೋಗುತ್ತದೆ. ಆ ಸಾಲನ್ನು ಇನ್ನು ಮುಂದೆ ಬರೆಯಬೇಡಿ ಎಂದು ಕೇಳಿಕೊಳ್ಳಲು, ಅದರ ಜಾಗದಲ್ಲಿ ಏನು ಬರೆಯಬಹುದು ಎಂದು ವಿವರವಾಗಿ ಹೇಳಲು ಈ ಪತ್ರ.

ನಮ್ಮ ಮಾತಿನ ತಿರುಳು ಇಷ್ಟೇ. 120 ಜನರ ತರಗತಿಯಲ್ಲಿ ಒಬ್ಬರು ಮೂರು ವಾರ ಕಾಣದಿದ್ದರೂ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಸಂಶೋಧನೆಯಲ್ಲಿ ಹಾಗಲ್ಲ. ಅಲ್ಲಿ ಒಬ್ಬ ಗೈಡ್ ಇರುತ್ತಾರೆ. ಈ ವಿದ್ಯಾರ್ಥಿ ಕಳೆದ ವಾರ ಎಷ್ಟು ಮಾದರಿ ಅಳೆದಳು, ಯಾವ ಗ್ರಾಫ್ ಹತ್ತಿರ ಸಿಕ್ಕಿಕೊಂಡಿದ್ದಳು ಎಂಬುದು ಅವರಿಗೆ ಗೊತ್ತಿರುತ್ತದೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳಾದವಳಿಗೆ, ದುಡಿಯುತ್ತಲೇ ಓದುವವನಿಗೆ, ಅಂಗವೈಕಲ್ಯವಿರುವವರಿಗೆ, ಬೇರೆ ಭಾಷೆಯ ಊರಿನಿಂದ ಬಂದವರಿಗೆ ಇಡೀ ಸಂಸ್ಥೆಯಲ್ಲಿ ಹೆಸರು ಹಿಡಿದು ಕರೆಯುವ ವ್ಯಕ್ತಿ ಎಷ್ಟೋ ಸಲ ಆ ಗೈಡ್ ಒಬ್ಬರೇ. ಬಿಕ್ಕಟ್ಟಿನಲ್ಲಿ ಪ್ರಾಜೆಕ್ಟ್ ನಿಲ್ಲಿಸಿದಾಗ ಪ್ರಯೋಗದ ಜತೆಗೆ ಈ ಎಳೆಯೂ ಕಡಿಯುತ್ತದೆ. ಪ್ರಯೋಗವನ್ನು ಮತ್ತೆ ಮಾಡಬಹುದು; ಒಮ್ಮೆ ದೂರವಾದ ವಿದ್ಯಾರ್ಥಿ ಮರಳಿ ಬರುವುದು ಕಷ್ಟ.

ಇದು ಹೊಸ ಕಲ್ಪನೆಯೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲಿ ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಸಂಶೋಧನೆಯೊಳಗೆ ಕರೆತರುವ ಕಾರ್ಯಕ್ರಮ ಶುರುಮಾಡಿದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1987ರಿಂದ ಬೇಸಿಗೆ ಸಂಶೋಧನೆಗೆ ಸ್ಟೈಪೆಂಡ್ ಕೊಡುತ್ತಿದೆ. 1988ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ ಫ್ರೀಮನ್ ಹ್ರಬೌಸ್ಕಿ ಕಟ್ಟಿದ ಮೇಯರ್‌ಹಾಫ್ ಕಾರ್ಯಕ್ರಮ ನಮ್ಮ ವಾದಕ್ಕೆ ಇನ್ನೂ ಹತ್ತಿರ. ವಿಜ್ಞಾನದಲ್ಲಿ ಕಡಿಮೆ ಕಾಣಿಸಿಕೊಳ್ಳುತ್ತಿದ್ದ ಕಪ್ಪು ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಅದು ಲ್ಯಾಬ್ ಕೆಲಸವೊಂದನ್ನೇ ಕೊಡಲಿಲ್ಲ. ಹಣದ ನೆರವು, ಕೋರ್ಸ್‌ಗಳು ಶುರುವಾಗುವ ಮೊದಲಿನ ಬೇಸಿಗೆ ಶಿಬಿರ, ಒಟ್ಟಿಗೆ ಓದುವ ಗುಂಪು, ಗೈಡ್, ಸಲಹೆಗಾರ ಎಲ್ಲವನ್ನೂ ಒಂದೇ ಹಗ್ಗದಲ್ಲಿ ಹೊಸೆಯಿತು. ಅದಕ್ಕೆ ಆಯ್ಕೆಯಾಗಿಯೂ ಬೇರೆಡೆ ಓದಿದವರಿಗೆ ಹೋಲಿಸಿದರೆ, ಅಲ್ಲೇ ಓದಿದವರು ಪಿಎಚ್‌.ಡಿ. ಕಡೆಗೆ ಹೋದ ಪ್ರಮಾಣ ಹಲವು ಪಟ್ಟು ಹೆಚ್ಚು. ಹೋಲಿಕೆ ಯಾರ ಜತೆಗೆ ಎಂಬುದನ್ನು ಗಮನಿಸಿ. ಎರಡೂ ಗುಂಪಿನವರು ಸಮಾನ ಪ್ರತಿಭೆಯವರು. ವ್ಯತ್ಯಾಸ ಅವರ ಸುತ್ತ ಕಟ್ಟಿದ ವ್ಯವಸ್ಥೆಯದು.

ಬಿಕ್ಕಟ್ಟು ಬಂದಾಗ ಮೊದಲು ಸಡಿಲವಾಗುವುದು ಈ ವ್ಯವಸ್ಥೆಯೇ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿದ ಮೇಲೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ದೇಶದುದ್ದಕ್ಕೂ ಚದುರಿದರು. ಎಷ್ಟೋ ಕಾಲೇಜುಗಳು ಅವರನ್ನು ಅತಿಥಿ ವಿದ್ಯಾರ್ಥಿಗಳಾಗಿ ಸೇರಿಸಿಕೊಂಡವು. ಅದು ದೊಡ್ಡ ಮನಸ್ಸಿನ ಕೆಲಸ. ಆದರೆ ಕೋರ್ಸ್‌ನ ಕ್ರೆಡಿಟ್ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸಾಗಬಲ್ಲದು, ಅರ್ಧ ಮುಗಿದ ಪ್ರಯೋಗ ಸಾಗಲಾರದು. ವಿದ್ಯುತ್ ಇಲ್ಲದೆ ಕೆಟ್ಟ ಫ್ರೀಜರ್‌ಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಮಾದರಿಗಳು ಕರಗಿಹೋದವು. 2011ರ ಫೆಬ್ರುವರಿ 22ರಂದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಆದ ಭೂಕಂಪದ ನಂತರ ಅಲ್ಲಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯ ಡೇರೆಗಳಲ್ಲಿ ಪಾಠ ಮಾಡಿತು. ಡೇರೆಯಲ್ಲಿ ಪಾಠ ಹೇಳಬಹುದು, ಲ್ಯಾಬ್ ನಡೆಸುವುದು ಆಗದ ಮಾತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಲೋಕದ ಎಷ್ಟೋ ಲ್ಯಾಬ್‌ಗಳು ಒಟ್ಟಿಗೇ ಮುಚ್ಚಿದಾಗ ಬೇಸಿಗೆ ಸಂಶೋಧನೆಯ ಎಷ್ಟೋ ಕಾರ್ಯಕ್ರಮಗಳು ರದ್ದಾದವು, ಕೆಲವು ಮನೆಯಿಂದಲೇ ನಡೆದವು. ನಡೆದವುಗಳಿಗೂ ನಿಂತವುಗಳಿಗೂ ಇದ್ದ ವ್ಯತ್ಯಾಸ ಕೇವಲ ಹಣದ್ದಲ್ಲ, ಬಹುಪಾಲು ಪೂರ್ವಸಿದ್ಧತೆಯದು. ಉರಿ ಹತ್ತಿದ ಮೇಲೆ ಬಾವಿ ತೋಡಲು ಹೊರಟವರಿಗೆ ನೀರು ಸಿಗಲಿಲ್ಲ.

ಹಣದ ಮಾತು ಮೊದಲು ಮುಗಿಸೋಣ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಸಂಬಳವಿಲ್ಲದ ಸಂಶೋಧನೆ ಎಂದರೆ ಸಂಬಳ ಬೇಡದವರ ಸಂಶೋಧನೆ. ವಾರಕ್ಕೆ 8ರಿಂದ 10 ಗಂಟೆ ಬಿಟ್ಟಿಯಾಗಿ ಕೊಡಬಲ್ಲವರು ಯಾರು ಎಂದು ಒಮ್ಮೆ ಯೋಚಿಸಿ. ಯಾರು ಹೊರಗುಳಿಯುತ್ತಾರೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಸ್ಟೈಪೆಂಡ್ ಇರುವ ಕಡೆಯೂ ಅದನ್ನು ಕೊಡುವ ರೀತಿಯಲ್ಲಿ ನಾಲ್ಕು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಕೆಲಸ ಮುಗಿದ ಮೇಲೆ ಒಟ್ಟಿಗೆ ಕೊಡುವುದು ಒಂದು. ಮಧ್ಯದಲ್ಲಿ ಬಾಡಿಗೆ ಕಟ್ಟಲಾಗದವನು ಆ ದಿನದವರೆಗೆ ಉಳಿಯುವುದೇ ಇಲ್ಲ. ಲ್ಯಾಬ್ ಹಾಜರಿಗೆ ಹಣ ಗಂಟು ಹಾಕುವುದು ಇನ್ನೊಂದು. ಲ್ಯಾಬ್ ಮುಚ್ಚಿದ ದಿನವೇ ಹಣವೂ ನಿಲ್ಲುತ್ತದೆ. ಖರ್ಚನ್ನು ಮೊದಲು ಕೈಯಿಂದ ಹಾಕಿ ರಸೀದಿ ತನ್ನಿ, ಆಮೇಲೆ ವಾಪಸ್ ಕೊಡುತ್ತೇವೆ ಎನ್ನುವುದು ಮೂರನೆಯದು. ಕೈಯಲ್ಲಿ ಕಾಸಿಲ್ಲದವರಿಗೆ ಅದು ಬರಬೇಡಿ ಎಂದು ಹೇಳಿದ ಹಾಗೆ. ನಾಲ್ಕನೆಯದು ಎಲ್ಲಕ್ಕಿಂತ ನೋವಿನದು: ಬಿಕ್ಕಟ್ಟಿನ ನಡುವೆ “ಮತ್ತೆ ಅರ್ಜಿ ಸಲ್ಲಿಸಿ” ಎನ್ನುವುದು. ದಾಖಲೆ ನೆರೆಯಲ್ಲಿ ಹೋದವನು ಯಾವ ದಾಖಲೆ ಲಗತ್ತಿಸಬೇಕು?

ಮಾಡಬೇಕಾದದ್ದು ಕಷ್ಟದ್ದಲ್ಲ. ಮೊದಲ ಕಂತು ಕೆಲಸ ಶುರುವಾಗುವ ದಿನವೇ ಖಾತೆಗೆ ಬೀಳಲಿ, ಉಳಿದದ್ದು ಹದಿನೈದು ದಿನಕ್ಕೊಮ್ಮೆ ಬರಲಿ. ಗೈಡ್‌ನ ಒಂದು ಸಾಲಿನ ಇಮೇಲ್ ಸಾಕ್ಷಿಯಾಗಿ ಸಾಕಾಗಲಿ. ಬಿಕ್ಕಟ್ಟು ಘೋಷಣೆಯಾದಾಗ ವಾರದ ಕೆಲಸವನ್ನು 10 ಗಂಟೆಯಿಂದ 4ಕ್ಕೋ 6ಕ್ಕೋ ಇಳಿಸಿ, ಸ್ಟೈಪೆಂಡ್ ಇಳಿಸಬೇಡಿ. ಈ ಅಧಿಕಾರ ಕಾರ್ಯಕ್ರಮದ ಸಂಯೋಜಕರಿಗೇ ಇರಬೇಕು, ಸಮಿತಿ ಸೇರುವವರೆಗೆ ಕಾಯುವಂತಿರಬಾರದು. ಅನುದಾನ ಕೊಡುವವರಿಗೆ ವಿಶೇಷ ವಿನಂತಿ: ಪ್ರಯಾಣ, ವಸತಿ, ರಾಸಾಯನಿಕಗಳಿಗೆ ಇಟ್ಟ ಹಣವನ್ನು ಇಂಟರ್‌ನೆಟ್‌ಗೆ, ಎರವಲು ಲ್ಯಾಪ್‌ಟಾಪ್‌ಗೆ, ಸ್ಟೈಪೆಂಡ್ ಮುಂದುವರಿಕೆಗೆ ತಿರುಗಿಸಲು ಒಪ್ಪಿಗೆಯನ್ನು ಮಂಜೂರಾತಿ ಪತ್ರದಲ್ಲೇ ಬರೆದುಬಿಡಿ. ಈ ಒಂದು ಸಾಲಿಲ್ಲದ ಕಾರಣಕ್ಕೆ ಖರ್ಚಾಗದೆ ಉಳಿದ ಹಣ ವರ್ಷದ ಕೊನೆಗೆ ವಾಪಸ್ ಹೋಗುತ್ತದೆ, ವಿದ್ಯಾರ್ಥಿ ಕಾಲೇಜು ಬಿಟ್ಟಿರುತ್ತಾನೆ.

ಈಗ ಕೆಲಸದ ವಿಷಯ. ಲ್ಯಾಬ್ ಮುಚ್ಚಿದ ಕೂಡಲೇ ಗೈಡ್‌ಗಳ ಬಾಯಿಂದ ಬರುವ ಮೊದಲ ಮಾತು “ಸದ್ಯಕ್ಕೆ ಪೇಪರ್‌ಗಳನ್ನು ಓದುತ್ತಿರಿ.” ಇದರಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಎರಡನೇ ವರ್ಷದ ವಿದ್ಯಾರ್ಥಿಗೆ ಸಂಶೋಧನಾ ಲೇಖನ ಒಬ್ಬರೇ ಕೂತು ಓದುವಂಥದ್ದಲ್ಲ. ಮೂರು ದಿನ ಒದ್ದಾಡಿ, ತನಗೆ ಬುದ್ಧಿ ಸಾಲದು ಎಂದು ತೀರ್ಮಾನಿಸಿ, ಗೈಡ್‌ಗೆ ಮುಖ ತೋರಿಸಲು ನಾಚಿ ಸುಮ್ಮನಾಗುತ್ತಾನೆ. ಓದಿಸಲೇಬೇಕಾದರೆ ಐದೇ ಲೇಖನ ಕೊಡಿ, ಜತೆಗೆ ಒಂದು ಕೋಷ್ಟಕ ಕೊಡಿ: ಕೇಳಿದ ಪ್ರಶ್ನೆ, ಬಳಸಿದ ವಿಧಾನ, ಎಷ್ಟು ಮಾದರಿ, ಕಂಡದ್ದೇನು, ನಿಮಗೆ ಬಂದ ಅನುಮಾನ. ವಾರಕ್ಕೆ ಒಂದು ಸಾಲು ತುಂಬಿದರೆ ಸಾಕು. ಮೊದಲ ಸಾಲನ್ನು ಗೈಡ್ ಮತ್ತು ವಿದ್ಯಾರ್ಥಿ ಫೋನಿನಲ್ಲಿ ಒಟ್ಟಿಗೆ ತುಂಬಬೇಕು.

ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಪ್ರತಿ ಪ್ರಾಜೆಕ್ಟ್‌ಗೂ ಮೊದಲ ದಿನದಿಂದಲೇ ಎರಡು ಪ್ರಶ್ನೆ ಇಡುವುದು: ಒಂದು ಲ್ಯಾಬ್‌ನಲ್ಲೋ ಕ್ಷೇತ್ರದಲ್ಲೋ ಬಿಡಿಸುವಂಥದ್ದು, ಇನ್ನೊಂದು ಮೇಜಿನ ಮೇಲೆ ಬಿಡಿಸುವಂಥದ್ದು. ಎರಡೂ ಒಂದೇ ವಿಷಯದ ಒಡಹುಟ್ಟುಗಳಾಗಿರಬೇಕು. ಕಿಣ್ವದ ವೇಗ ಅಳೆಯುವ ಪ್ರಾಜೆಕ್ಟ್‌ಗೆ ಅದೇ ಕಿಣ್ವದ ರಚನೆಯನ್ನು ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ ಇಳಿಸಿಕೊಂಡು ಸಕ್ರಿಯ ತಾಣದ (ಕಿಣ್ವ ಕೆಲಸ ಮಾಡುವ ಜಾಗದ) ಅಮೈನೋ ಆಮ್ಲಗಳನ್ನು ಬೇರೆ ಜೀವಿಗಳ ಕಿಣ್ವಗಳೊಂದಿಗೆ ಹೋಲಿಸುವ ಪ್ರಶ್ನೆ ಜೋಡಿಯಾಗುತ್ತದೆ. 1971ರಿಂದ ಬೆಳೆಯುತ್ತಿರುವ ಆ ಭಂಡಾರ ಎಲ್ಲರಿಗೂ ಉಚಿತ. ಹಕ್ಕಿ ಎಣಿಕೆಗೆ ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲದ ಮುಕ್ತ ದಾಖಲೆಗಳಿವೆ. ಸೂಕ್ಷ್ಮದರ್ಶಕದ ಕೆಲಸವಾದರೆ ಲ್ಯಾಬ್‌ನ ಹಳೆಯ ಚಿತ್ರಗಳೇ ಸಾವಿರಾರು ಬಿದ್ದಿರುತ್ತವೆ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಕೋಶಗಳ ಅಳತೆ ತೆಗೆಯಬಹುದು. ಸಮೀಕ್ಷೆ ನಡೆಸಬೇಕಿದ್ದವರಿಗೆ ಜನಗಣತಿಯಂಥ ಸಾರ್ವಜನಿಕ ಅಂಕಿಅಂಶ ಸಿಗುತ್ತದೆ.

ಅಮೆರಿಕದ ಹಾವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೆರವಿನಿಂದ 2008ರಲ್ಲಿ ಶುರುವಾದ ಸೀ-ಫೇಜಸ್ ಕಾರ್ಯಕ್ರಮದ ವಿನ್ಯಾಸ ಇಲ್ಲಿ ನೆನಪಿಡುವಂಥದ್ದು. ಮೊದಲ ವರ್ಷದ ವಿದ್ಯಾರ್ಥಿಗಳು ಮೊದಲ ಸೆಮಿಸ್ಟರ್‌ನಲ್ಲಿ ಮಣ್ಣಿನಿಂದ ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸುವ ವೈರಸ್ ಬೇರ್ಪಡಿಸುತ್ತಾರೆ, ಎರಡನೇ ಸೆಮಿಸ್ಟರ್‌ನಲ್ಲಿ ಅದರ ಜೀನೋಮ್‌ನಲ್ಲಿ ಜೀನ್‌ಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂದು ಕಂಪ್ಯೂಟರ್‌ನಲ್ಲಿ ಗುರುತಿಸುತ್ತಾರೆ. ಅರ್ಧ ಲ್ಯಾಬ್ ಕೆಲಸ, ಅರ್ಧ ಮೇಜಿನ ಕೆಲಸ. ಲ್ಯಾಬ್ ಮುಚ್ಚಿದರೂ ಎರಡನೇ ಅರ್ಧ ನಡೆಯುತ್ತದೆ. ಇನ್ನೂ ಒಂದು ಗುಣವಿದೆ: ಅದು ತರಗತಿಯ ಭಾಗ. ಅರ್ಜಿ ಹಾಕುವ, ಪ್ರಾಧ್ಯಾಪಕರ ಕೋಣೆಯ ಬಾಗಿಲು ತಟ್ಟುವ ಧೈರ್ಯ ಬೇಕಿಲ್ಲ. ಕೋರ್ಸ್‌ಗೆ ಸೇರಿದವರೆಲ್ಲರಿಗೂ ಸಂಶೋಧನೆ ಸಿಗುತ್ತದೆ. ಬಾಗಿಲು ತಟ್ಟಬಹುದು ಎಂಬುದೇ ಗೊತ್ತಿಲ್ಲದ ವಿದ್ಯಾರ್ಥಿಗಳು ನಾವು ಎಣಿಸಿದ್ದಕ್ಕಿಂತ ತುಂಬಾ ಹೆಚ್ಚು.

ಮೇಜಿನ ಪ್ರಶ್ನೆಗೆ ತಿರುಗಿದಾಗ ಎಲ್ಲಿ ಎಡವುತ್ತಾರೆ ಎಂಬುದನ್ನೂ ಹೇಳಬೇಕು. ಮುಕ್ತ ದತ್ತಾಂಶ ಎಂದರೆ ತೊಳೆದು ಹೆಚ್ಚಿಟ್ಟ ತರಕಾರಿಯಲ್ಲ. ಕಾಣೆಯಾದ ಅಂಕಿ, ಬೇರೆ ಬೇರೆ ಏಕಮಾನ, ಒಂದೇ ಹೆಸರಿನ ಮೂರು ಕಾಗುಣಿತ ಇವನ್ನೆಲ್ಲ ಸರಿಪಡಿಸುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ಇದನ್ನು ಮುಂಚೆ ಹೇಳದಿದ್ದರೆ ವಿದ್ಯಾರ್ಥಿ ತಾನು ನಿಧಾನ ಎಂದುಕೊಳ್ಳುತ್ತಾನೆ. ಹಾಗಾಗಿ ಮೊದಲ ವಾರ ಇಡೀ ಕಡತ ಕೊಡಬೇಡಿ, 200 ಸಾಲಿನ ತುಣುಕು ಕೊಡಿ. ಪ್ರಕಟವಾದ ಒಂದು ಗ್ರಾಫ್ ತೋರಿಸಿ, ಇದನ್ನು ಹಾಗೇ ಮತ್ತೆ ಬರೆಯಿರಿ ಎನ್ನಿ. ಉತ್ತರ ಗೊತ್ತಿರುವುದರಿಂದ ತಪ್ಪಿದ್ದು ಎಲ್ಲಿ ಎಂದು ಅವರೇ ಕಂಡುಕೊಳ್ಳುತ್ತಾರೆ. ಎರಡನೇ ವಾರ ಪೂರ್ತಿ ಕಡತದ ಮೇಲೆ ಅದೇ ಗ್ರಾಫ್. ಮೂರನೇ ವಾರ ಒಂದೇ ಒಂದು ಬದಲಾವಣೆ, ಬೇರೆ ವರ್ಷವೋ ಬೇರೆ ಪ್ರದೇಶವೋ. ನಾಲ್ಕನೇ ವಾರ ಅವರದೇ ಪ್ರಶ್ನೆ. ಈ ನಾಲ್ಕು ಮೆಟ್ಟಿಲು ಬಿಟ್ಟು ಮೊದಲ ದಿನವೇ “ನಿಮ್ಮ ಪ್ರಶ್ನೆ ಏನು?” ಎಂದು ಕೇಳಿದ ಕಡೆಯಲ್ಲೆಲ್ಲ ಒಂದು ತಿಂಗಳು ವ್ಯರ್ಥವಾಗುತ್ತದೆ.

ಉಪಕರಣದ ವಿಷಯದಲ್ಲಿ ಊಹೆ ಬೇಡ, ಕೇಳಿ. “ನಿಮ್ಮ ಹತ್ತಿರ ಕಂಪ್ಯೂಟರ್ ಇದೆಯೇ?” ಎಂದು ಕೇಳಿದರೆ ಇದೆ ಎಂಬ ಉತ್ತರ ಬರುತ್ತದೆ, ಅದನ್ನು ಮನೆಯಲ್ಲಿ ಇನ್ನೂ ಮೂವರು ಬಳಸುತ್ತಾರೆ ಎಂಬುದು ಬರುವುದಿಲ್ಲ. “ದಿನದಲ್ಲಿ ಯಾವ ಹೊತ್ತು, ಎಷ್ಟು ಗಂಟೆ ಅದು ನಿಮ್ಮ ಕೈಯಲ್ಲಿರುತ್ತದೆ? ಕೂತು ಕೆಲಸ ಮಾಡಲು ಜಾಗ ಎಲ್ಲಿ?” ಎಂದು ಕೇಳಿ. ಲೆಕ್ಕಾಚಾರವನ್ನು ಬ್ರೌಸರ್‌ನಲ್ಲೇ ನಡೆಸುವ ಕೋಲ್ಯಾಬ್‌ನಂಥ ಸೌಲಭ್ಯ ಇರುವುದರಿಂದ ಹಳೆಯ ಲ್ಯಾಪ್‌ಟಾಪ್ ಆದರೂ ನಡೆದೀತು. ಬರೀ ಮೊಬೈಲ್ ಇರುವವರಿಗೆ ಮಾತ್ರ ದತ್ತಾಂಶ ವಿಶ್ಲೇಷಣೆ ಹೊರಿಸಬೇಡಿ. ಚಿತ್ರಗಳ ವರ್ಗೀಕರಣ, ಕಿರು ಸಂದರ್ಶನಗಳ ಉತ್ತರಗಳನ್ನು ವಿಷಯವಾರು ಗುರುತಿಸುವುದು, ಸುತ್ತಲಿನದನ್ನು ಗಮನಿಸಿ ದಾಖಲಿಸುವುದು ಮೊಬೈಲಿಗೆ ಹೊಂದುತ್ತದೆ. ಲ್ಯಾಪ್‌ಟಾಪ್ ಎರವಲು ಬರುವವರೆಗೆ ಅದು ನಡೆಯಲಿ. ಒಂದು ಗಂಟೆಯ ವಿಡಿಯೊ ಕರೆ ಅರ್ಧ ಜಿಬಿಗೂ ಹೆಚ್ಚು ಡೇಟಾ ನುಂಗಬಲ್ಲದು, ಧ್ವನಿ ಕರೆಗೆ ಅದರ ಸಣ್ಣ ಪಾಲು ಸಾಕು. ವಾರದ ಮಾತುಕತೆ ಫೋನಿನಲ್ಲೇ ಆಗಲಿ. ಕ್ಯಾಮೆರಾ ಹಾಕಲೇಬೇಕು ಎಂಬ ನಿಯಮ ಬೇಡವೇ ಬೇಡ. ಎಲ್ಲರ ಮನೆಯ ಗೋಡೆಯೂ ಪ್ರದರ್ಶನಕ್ಕಿಟ್ಟದ್ದಲ್ಲ.

ವಾರದ ಆ ಮಾತುಕತೆಯೇ ಇಡೀ ವ್ಯವಸ್ಥೆಯ ಜೀವ. 25 ನಿಮಿಷ ಸಾಕು, ಆದರೆ ದಿನ ಮತ್ತು ಹೊತ್ತು ಬದಲಾಗಕೂಡದು. ಮೊದಲ ಐದು ನಿಮಿಷ ಪರಿಸ್ಥಿತಿಗೆ. “ಹೇಗಿದ್ದೀರಿ?” ಎಂದರೆ “ಚೆನ್ನಾಗಿದ್ದೇನೆ ಸರ್” ಎಂಬ ಉತ್ತರ ಸಿದ್ಧವಿರುತ್ತದೆ, “ಈ ವಾರ ಕೆಲಸದ ಪಾಳಿ ಬದಲಾಯಿತೇ? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ? ನೆಟ್ ಬರುತ್ತಿದೆಯೇ?” ಎಂದು ಬಿಡಿಬಿಡಿಯಾಗಿ ಕೇಳಿದರೆ ನಿಜ ಹೊರಬರುತ್ತದೆ. ನಂತರದ ಹತ್ತು ನಿಮಿಷ ಆದ ಕೆಲಸಕ್ಕೆ, ಐದು ಸಿಕ್ಕಿಕೊಂಡ ಜಾಗಕ್ಕೆ. ಕೊನೆಯ ಐದರಲ್ಲಿ ಮುಂದಿನ ವಾರಕ್ಕೆ ಒಂದೇ ಒಂದು ಕೆಲಸ ಗೊತ್ತುಮಾಡಿ. ಅದನ್ನು ವಿದ್ಯಾರ್ಥಿಯೇ ಮೂರು ಸಾಲಿನಲ್ಲಿ ಬರೆದು ಕಳಿಸಲಿ. ಗೈಡ್ ಬರೆದರೆ ಅದು ಆಜ್ಞೆಯಾಗುತ್ತದೆ, ವಿದ್ಯಾರ್ಥಿ ಬರೆದರೆ ಅರ್ಥವಾಗಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಮೂರು ಕೆಲಸ ಕೊಟ್ಟ ವಾರ ಒಂದೂ ಆಗದೆ ಬರುತ್ತದೆ, ಏಕೆಂದರೆ ಯಾವುದು ಮೊದಲು ಎಂದು ತೀರ್ಮಾನಿಸುವುದೇ ದಣಿದ ಮನಸ್ಸಿಗೆ ದೊಡ್ಡ ಹೊರೆ.

ಹೀಗಿದ್ದರೂ ಒಂದು ವಾರ ಕರೆಗೆ ಉತ್ತರ ಬರುವುದಿಲ್ಲ. ಇಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಆ ವಿದ್ಯಾರ್ಥಿಯ ಪದವಿಯೇ ನಿಂತಿರಬಹುದು. ಮೌನಕ್ಕೆ ಸೋಮಾರಿತನ ಕಾರಣವಾಗುವುದು ಅಪರೂಪ. ಹೆಚ್ಚಿನ ಸಲ ನಾಚಿಕೆ. ಕೆಲಸ ಆಗಿಲ್ಲ, ಆಗಿಲ್ಲ ಎಂದು ಹೇಗೆ ಹೇಳುವುದು, ಇನ್ನೆರಡು ದಿನದಲ್ಲಿ ಮುಗಿಸಿ ಹೇಳೋಣ ಎನ್ನುತ್ತ ಎರಡು ದಿನ ಹತ್ತಾಗುತ್ತದೆ, ಆಮೇಲೆ ಮುಖ ಎತ್ತುವುದೇ ಕಷ್ಟ. ಗಡುವು ಮುಂದೂಡಿ ಎಂದು ಕೇಳಬಹುದು ಎಂಬ ತಿಳಿವಳಿಕೆಯೂ ಎಲ್ಲರಿಗೂ ಮನೆಯಿಂದ ಬಂದಿರುವುದಿಲ್ಲ. ಆದ್ದರಿಂದ ಮೌನಕ್ಕೆ ಒಂದು ಕ್ರಮ ಮೊದಲೇ ಗೊತ್ತಿರಲಿ. ಒಂದು ಕರೆ ತಪ್ಪಿದರೆ ಅದೇ ದಿನ ಗೈಡ್‌ನ ಒಂದು ಸಂದೇಶ: “ಕೆಲಸ ಕಾಯುತ್ತದೆ. ನೀವು ಕ್ಷೇಮವೇ? ಒಂದು ಪದ ಬರೆದರೂ ಸಾಕು.” ಎರಡು ತಪ್ಪಿದರೆ ಹಿರಿಯ ವಿದ್ಯಾರ್ಥಿಯ ಫೋನು, ಪ್ರಾಧ್ಯಾಪಕರದ್ದಲ್ಲ. ಹತ್ತು ದಿನ ಸುದ್ದಿಯಿಲ್ಲದಿದ್ದರೆ ಸಂಯೋಜಕರು ವಿದ್ಯಾರ್ಥಿ ತಾನೇ ಕೊಟ್ಟ ಪರ್ಯಾಯ ಸಂಖ್ಯೆಗೆ ಕರೆ ಮಾಡಲಿ. ಯಾವ ಹಂತದಲ್ಲೂ “ಸ್ಟೈಪೆಂಡ್ ನಿಲ್ಲಿಸುತ್ತೇವೆ” ಎಂಬ ಮಾತು ಬರಬಾರದು. ಮರಳಿ ಬಂದ ದಿನ ವಿವರಣೆ ಕೇಳದೆ ಹದಿನೈದು ನಿಮಿಷದಲ್ಲಿ ಮುಗಿಯುವ ಸಣ್ಣ ಕೆಲಸ ಕೊಡಿ. ಮತ್ತೆ ಏನನ್ನೋ ಮುಗಿಸಿದೆ ಎಂಬ ಅನುಭವ ನೂರು ಸಮಾಧಾನದ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇದನ್ನೆಲ್ಲ ಒಬ್ಬ ಪ್ರಾಧ್ಯಾಪಕರ ತಲೆಗೆ ಕಟ್ಟಿದರೆ ನಡೆಯುವುದಿಲ್ಲ. ಅವರ ಮನೆಗೂ ಅದೇ ನೆರೆ, ಅದೇ ರೋಗ ಬಂದಿರುತ್ತದೆ. ಮೂರು ಕೊಂಡಿಯ ಸರಪಳಿ ಬೇಕು: ಪ್ರಾಧ್ಯಾಪಕರು, ಸ್ನಾತಕೋತ್ತರ ಅಥವಾ ಪಿಎಚ್‌.ಡಿ. ವಿದ್ಯಾರ್ಥಿ, ಹಿಂದಿನ ವರ್ಷ ಇದೇ ಕೆಲಸ ಮಾಡಿದ ಸೀನಿಯರ್. ಒಬ್ಬ ಪ್ರಾಧ್ಯಾಪಕರಿಗೆ ನಾಲ್ಕೈದು ಜನರಿಗಿಂತ ಹೆಚ್ಚು ಬೇಡ, ಒಬ್ಬ ಸೀನಿಯರ್‌ಗೆ ಇಬ್ಬರು ಮೂವರು ಸಾಕು. ಸೀನಿಯರ್‌ಗೂ ಸ್ಟೈಪೆಂಡ್ ಕೊಡಿ. ಮಾರ್ಗದರ್ಶನದ ಗಂಟೆಗಳನ್ನು ಪ್ರಾಧ್ಯಾಪಕರ ಬೋಧನಾ ಹೊರೆಯ ಲೆಕ್ಕದಲ್ಲಿ, ಬಡ್ತಿಯ ಕಡತದಲ್ಲಿ ಎಣಿಸಿ. ಇಲ್ಲದಿದ್ದರೆ ಈ ಕೆಲಸ ವರ್ಷ ವರ್ಷವೂ ಅದೇ ನಾಲ್ಕು ಮಂದಿಯ ಮೇಲೆ ಬೀಳುತ್ತದೆ. ಅವರಲ್ಲಿ ಅನೇಕರು ಆ ವಿದ್ಯಾರ್ಥಿಗಳಂಥದೇ ಹಿನ್ನೆಲೆಯಿಂದ ಬಂದವರು, ಇಲ್ಲ ಎನ್ನಲಾಗದವರು. ಗೈಡ್‌ಗಳಿಗೆ ಆರೆಂಟು ಗಂಟೆಯ ತರಬೇತಿ, ಎರಡು ಮೂರು ದಿನಕ್ಕೆ ಹಂಚಿ, ಕೆಲಸ ಶುರುವಾಗುವ ಮುನ್ನವೇ ಆಗಲಿ. ಅದರಲ್ಲಿ ಮುಖ್ಯವಾಗಿ ಕಲಿಸಬೇಕಾದದ್ದು ಗೈಡ್ ಆಪ್ತಸಮಾಲೋಚಕರಲ್ಲ ಎಂಬುದು. ಮನಸ್ಸು ತೀರಾ ಕುಗ್ಗಿದೆ, ಮನೆಯಲ್ಲಿ ಹಿಂಸೆಯಿದೆ ಎಂಬ ಸುಳಿವು ಸಿಕ್ಕಾಗ ಯಾರಿಗೆ ಒಪ್ಪಿಸಬೇಕೆಂದು ಅವರಿಗೆ ಗೊತ್ತಿರಬೇಕು, ಮತ್ತು ಬರೀ ಸಂಖ್ಯೆ ಕಳಿಸಿ ಕೈತೊಳೆದುಕೊಳ್ಳದೆ ವಿದ್ಯಾರ್ಥಿಯ ಒಪ್ಪಿಗೆ ಪಡೆದು ಮೊದಲ ಕರೆಯಲ್ಲಿ ಜತೆಗಿರಬೇಕು.

ಸಮಾಜ ವಿಜ್ಞಾನದ ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಮರೆಯುವ ಒಂದು ತೊಡಕಿದೆ. ಎದುರುಬದುರು ಸಂದರ್ಶನಕ್ಕೆ ಪಡೆದ ನೈತಿಕ ಸಮಿತಿಯ ಒಪ್ಪಿಗೆ ಫೋನ್ ಸಂದರ್ಶನಕ್ಕೆ ತಾನಾಗಿ ಅನ್ವಯಿಸುವುದಿಲ್ಲ, ತಿದ್ದುಪಡಿ ಬೇಕು. ಸಮಿತಿಗಳು ಇಂಥ ತಿದ್ದುಪಡಿಗೆ ಒಂದು ವಾರದ ಗಡುವು ಹಾಕಿಕೊಳ್ಳಲಿ. ಉತ್ತರಿಸುವವರ ಪಕ್ಕದಲ್ಲಿ ಮನೆಯವರು ಕೂತಿರಬಹುದು, ಹಾಗಾಗಿ ಹೌದು-ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳು ಕೈಯಲ್ಲಿರಬೇಕು. ವಿದ್ಯಾರ್ಥಿಯ ಮನೆಯೂ ಗುಟ್ಟು ಕಾಯುವ ಜಾಗವಲ್ಲ. ಧ್ವನಿಮುದ್ರಣ ಕೇಳಲು ಇಯರ್‌ಫೋನ್ ಕೊಡಿ, ಹೆಸರುಗಳನ್ನು ತೆಗೆದ ಕಡತವನ್ನಷ್ಟೇ ಕಳಿಸಿ.

ಲ್ಯಾಬ್ ಮುಚ್ಚುವ ದಿನಕ್ಕೂ ಒಂದು ಹಾಳೆಯ ಸೂಚನೆ ಬಾಗಿಲಿಗೆ ಅಂಟಿರಲಿ. ಬ್ಯಾಕ್ಟೀರಿಯಾ ಮಾದರಿಗಳನ್ನು ಗ್ಲಿಸರಾಲ್ ಸೇರಿಸಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ಗೆ ಹಾಕುವುದು, ಪ್ರತಿ ಡಬ್ಬಿಯ ಮೇಲೆ ವಿದ್ಯಾರ್ಥಿಯ ಹೆಸರು ಮತ್ತು ದಿನಾಂಕ, ಲ್ಯಾಬ್ ನೋಟ್‌ಬುಕ್‌ನ ಪ್ರತಿ ಪುಟದ ಫೋಟೊ, ದತ್ತಾಂಶದ ಮೂರು ಪ್ರತಿ. ಮೂರರಲ್ಲಿ ಒಂದು ಬೇರೆ ಕಟ್ಟಡದಲ್ಲೋ ಕ್ಲೌಡ್‌ನಲ್ಲೋ ಇರಬೇಕು. ಪದವಿ ವಿದ್ಯಾರ್ಥಿಯ ಡಬ್ಬಿ ಎಂದು ಎತ್ತಿ ಎಸೆಯುವ ಅಭ್ಯಾಸ ನಿಲ್ಲಬೇಕು.

ಬಿಕ್ಕಟ್ಟಿನಲ್ಲಿ ವಿದ್ಯಾರ್ಥಿ ಕಳೆದುಕೊಳ್ಳುವುದರಲ್ಲಿ ಕಣ್ಣಿಗೆ ಬೀಳದ್ದು ದಾಖಲೆ. ಬೇಸಿಗೆಯ 10 ವಾರ ರದ್ದಾದವಳಿಗೆ ಮುಂದಿನ ಅರ್ಜಿಯಲ್ಲಿ ಬರೆಯಲು ಏನೂ ಇಲ್ಲ, ಶಿಫಾರಸು ಪತ್ರ ಬರೆಯುವವರಿಗೆ ನೆನಪೂ ಇಲ್ಲ. ಇದಕ್ಕೆ ಮದ್ದು ಸುಲಭ: ಪ್ರತಿ ತಿಂಗಳ ಕೊನೆಗೆ ಗೈಡ್ ಐದು ಸಾಲು ಬರೆದಿಡಲಿ. ಯಾವ ಕೌಶಲ ಕಲಿತಳು, ಯಾವ ತೊಡಕನ್ನು ಹೇಗೆ ಬಿಡಿಸಿದಳು, ಯಾವ ಪರಿಸ್ಥಿತಿಯಲ್ಲಿ. ಅದರ ಒಂದು ನಕಲು ಸಂಯೋಜಕರ ಹತ್ತಿರವೂ ಇರಲಿ; ಗೈಡ್ ಬೇರೆ ಊರಿಗೆ ಹೋದರೂ ಪತ್ರ ಬರೆಯಬಹುದು. ಯಾವ ಕೆಲಸ ಮಾಡಿದರೆ ಲೇಖನದಲ್ಲಿ ಹೆಸರು ಬರುತ್ತದೆ ಎಂಬುದನ್ನು ಮೊದಲ ವಾರವೇ ಬರೆದು ಇಬ್ಬರೂ ಸಹಿ ಹಾಕಿ. ನಡುವೆ ಬಿಟ್ಟುಹೋದವನ ದತ್ತಾಂಶ ಲೇಖನದೊಳಗೆ ಸೇರಿ, ಹೆಸರು ಮಾತ್ರ ಹೊರಗೆ ಉಳಿಯುವುದು ಅನ್ಯಾಯ. ಕೊನೆಯ ವರ್ಷದವರು ಪದವಿ ಪಡೆದ ಕೂಡಲೇ ಕಾಲೇಜಿನ ಇಮೇಲ್ ಮುಚ್ಚುತ್ತೀರಿ. ಅದರೊಂದಿಗೆ ಅವರ ಕಡತಗಳು, ಗ್ರಂಥಾಲಯದ ಪ್ರವೇಶ, ತಂತ್ರಾಂಶದ ಪರವಾನಗಿ ಎಲ್ಲವೂ ಹೋಗುತ್ತವೆ. ಬಿಕ್ಕಟ್ಟಿನ ವರ್ಷದ ತಂಡಕ್ಕೆ ಇನ್ನೊಂದು ಸೆಮಿಸ್ಟರ್ ಅವನ್ನು ತೆರೆದಿಡಿ.

ಕೊನೆಯ ಸಲ್ಲಿಕೆಯನ್ನೂ ಪರಿಸ್ಥಿತಿಗೆ ಹೊಂದಿಸಿ. 30 ಪುಟದ ವರದಿ ಬೇಡ. ಒಂದು ಗ್ರಾಫ್ ಇರುವ ಎರಡು ಪುಟ, ಮುಂದಿನವರು ಎತ್ತಿಕೊಂಡು ನಡೆಯಬಹುದಾದಷ್ಟು ಸ್ಪಷ್ಟವಾದ ವಿಧಾನದ ಟಿಪ್ಪಣಿ ಸಾಕು. ಪ್ರಯೋಗ ವಿಫಲವಾದರೆ ಯಾಕೆ ವಿಫಲವಾಯಿತು ಎಂಬ ಬರಹಕ್ಕೂ ಪೂರ್ತಿ ಅಂಕ.

ಲ್ಯಾಬ್ ತೆರೆದ ಮೇಲೆ ಹೊಸದೊಂದು ಕಷ್ಟ ಶುರುವಾಗುತ್ತದೆ. ಒಂದು ವರ್ಷ ಮೇಜಿನ ಕೆಲಸ ಮಾಡಿದವರಿಗೆ ದ್ರವ ಅಳೆಯುವ ಪಿಪೆಟ್ ಹಿಡಿಯುವುದು ಬರುವುದಿಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವೂ ಇರುವುದಿಲ್ಲ. ಎಲ್ಲರಿಗೂ ಕಡ್ಡಾಯವಾಗಿ ಮೂರು ದಿನದ ಕೈಕೆಲಸದ ತರಬೇತಿ ಇಡಿ. ಬಾರದವರಿಗೆ ಮಾತ್ರ ಎಂದರೆ ಯಾರೂ ಕೈ ಎತ್ತುವುದಿಲ್ಲ. ನೀರಿನಲ್ಲಿ 100 ಮೈಕ್ರೋಲೀಟರ್ ಹತ್ತು ಸಲ ಅಳೆದು ತೂಕ ಮಾಡುವಂಥ ಸರಳ ಅಭ್ಯಾಸದಿಂದ ಶುರುವಾಗಲಿ: ಪ್ರತಿ ಸಲ 0.1 ಗ್ರಾಂ ಆಸುಪಾಸು ಬರಬೇಕು, ಬಾರದಿದ್ದರೆ ಎಲ್ಲಿ ತಪ್ಪಿತು ಎಂದು ತಕ್ಕಡಿಯೇ ಹೇಳುತ್ತದೆ. ಹಿಂದಿನ ಬ್ಯಾಚ್ ಜತೆ ಹೋಲಿಸುವ ಮಾತು ಲ್ಯಾಬ್‌ನೊಳಗೆ ಬೇಡ.

ಯಶಸ್ಸನ್ನು ಪ್ರಕಟಣೆಗಳ ಸಂಖ್ಯೆಯಿಂದ ಅಳೆಯುವುದನ್ನು ಬಿಡಿ. ಯಾರು ಅರ್ಜಿ ಹಾಕಿದರು, ಯಾರು ಆಯ್ಕೆಯಾದರು, ಯಾರು ನಡುವೆ ಬಿಟ್ಟರು, ಯಾವ ವಾರ ಬಿಟ್ಟರು ಎಂದು ಲೆಕ್ಕ ಇಡಿ. ಸರಾಸರಿ ಸಂಖ್ಯೆ ಚೆನ್ನಾಗಿ ಕಂಡರೂ ಒಳಗೆ ಒಂದೇ ಬಗೆಯ ವಿದ್ಯಾರ್ಥಿಗಳು ಉದುರುತ್ತಿರಬಹುದು. ಗುಂಪುವಾರು ನೋಡಿದರೆ ಮಾತ್ರ ಕಾಣುತ್ತದೆ. ಗುಂಪು ತೀರಾ ಸಣ್ಣದಿದ್ದರೆ ಹೆಸರಿಲ್ಲದಿದ್ದರೂ ಗುರುತು ಸಿಕ್ಕಿಬಿಡುತ್ತದೆ, ಅಂಥ ಅಂಕಿಯನ್ನು ಹೊರಗೆ ಹಾಕಬೇಡಿ.

ನಿಯಮ ತಿದ್ದಲು ಸಮಯ ಬೇಕು ಎಂಬುದು ನಮಗೆ ಗೊತ್ತು. ಈ ವಾರವೇ ಆಗಬಹುದಾದ ಕೆಲಸ ಒಂದಿದೆ. ನಿಮ್ಮ ಸಂಸ್ಥೆಯಲ್ಲಿ ಈಗ ಸಂಶೋಧನೆ ಮಾಡುತ್ತಿರುವ ಪ್ರತಿ ಪದವಿ ವಿದ್ಯಾರ್ಥಿಯ ಹೆಸರು, ಗೈಡ್‌ನ ಹೆಸರು, ವಿದ್ಯಾರ್ಥಿಯೇ ಸೂಚಿಸಿದ ಪರ್ಯಾಯ ಫೋನ್ ಸಂಖ್ಯೆ, ಪ್ರಾಜೆಕ್ಟ್‌ನ ಮೇಜಿನ ಪ್ರಶ್ನೆ, ಈ ನಾಲ್ಕು ಕಾಲಂ ಇರುವ ಪಟ್ಟಿ ತರಿಸಿಕೊಳ್ಳಿ. ನಾಲ್ಕನೇ ಕಾಲಂ ಖಾಲಿ ಇರುವ ಗೈಡ್‌ಗಳಿಗೆ ಎರಡು ವಾರ ಕೊಡಿ. ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ, ಒಂದು ಪ್ರತಿ ಸಂಯೋಜಕರ ಮನೆಯಲ್ಲಿರಲಿ. ಸರ್ವರ್ ಬಿದ್ದ ದಿನ, ಕ್ಯಾಂಪಸ್‌ಗೆ ಬೀಗ ಬಿದ್ದ ದಿನ ಮೊದಲ ಫೋನು ಆ ಕಾಗದ ನೋಡಿಕೊಂಡೇ ಹೋಗಬೇಕು.

ಇಂತಿ,
ಪದವಿ ಹಂತದ ಸಂಶೋಧನೆಯ ಗೈಡ್‌ಗಳು ಮತ್ತು ಸಂಯೋಜಕರು